256 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್: ಮೊದಲ ಗೇಮಿಂಗ್ ಕಂಪ್ಯೂಟರಿಗೆ ಈ ಜೋಡಿ ಸರಿಯೇ?

ನೀವು ಬರೆದಿರುವುದು ಇಷ್ಟು: ದಾವಣಗೆರೆಯಲ್ಲಿ ಓದುತ್ತಿದ್ದೀರಿ, ಮೊದಲ ಬಾರಿಗೆ ಬಿಡಿಭಾಗಗಳನ್ನು ತಂದು ಗೇಮಿಂಗ್ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಲು ಹೊರಟಿದ್ದೀರಿ. ರೈಜೆನ್ 5 5600 ಪ್ರೊಸೆಸರ್ ಮತ್ತು ಬಿ550 ಮದರ್‌ಬೋರ್ಡ್ ಎಂದು ನಿರ್ಧರಿಸಿಯಾಗಿದೆ. ಅಂಗಡಿಯವರ ಕೊಟೇಷನ್‌ನಲ್ಲಿ 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ, ಕೇಬಲ್‌ನಿಂದ ಜೋಡಿಸುವ ಡ್ರೈವ್) ಮತ್ತು 1 ಟಿಬಿಯ ಹಾರ್ಡ್ ಡಿಸ್ಕ್ ಇದೆ. ಗೆಳೆಯರೊಬ್ಬರು ಜೆನ್ 5 ಎನ್‌ವಿಎಂಇ ಹಾಕಿಸಿಕೊಳ್ಳಲೇಬೇಕು ಎಂದು ಹಟ ಹಿಡಿದಿದ್ದಾರೆ. ಎನ್‌ವಿಎಂಇ ಎಂದರೆ ಮದರ್‌ಬೋರ್ಡಿಗೇ ನೇರವಾಗಿ ತೂರಿಸುವ, ಇನ್ನೂ ವೇಗದ ಎಸ್‌ಎಸ್‌ಡಿ; ಜೆನ್ 3, 4, 5 ಎಂಬುವು ಅದರ ಸಂಪರ್ಕದ ಪೀಳಿಗೆಗಳು (ಜನರೇಷನ್). ಯಾರ ಮಾತು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ.

ಇಬ್ಬರದೂ ಬೇಡ. 1 ಟಿಬಿಯ ಒಂದೇ ಒಂದು ಜೆನ್ 4 ಎನ್‌ವಿಎಂಇ ತೆಗೆದುಕೊಳ್ಳಿ, ಅದರೊಳಗಿನ ಮೆಮೊರಿ ಟಿಎಲ್‌ಸಿ ಎಂಬ ಬಗೆಯದಾಗಿರಲಿ (ಅದೇನೆಂದು ಮುಂದೆ ಹೇಳುತ್ತೇನೆ). ಹಾರ್ಡ್ ಡಿಸ್ಕ್ ಬೇಕೋ ಬೇಡವೋ ಎಂಬುದನ್ನು ಆರು ತಿಂಗಳು ಆಡಿದ ಮೇಲೆ ನಿರ್ಧರಿಸಿ. ಹೀಗೆ ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. 2019ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ದಿನವಿಡೀ ಅಲೆದು ನಾನು ಕೊಂಡದ್ದು ನಿಮ್ಮ ಕೊಟೇಷನ್‌ನಲ್ಲಿರುವಂಥದ್ದೇ ಜೋಡಿ. ಅದರೊಂದಿಗೆ ಮೂರು ವರ್ಷ ಏಗಿದ್ದೇನೆ.

ಮೊದಲು ಜಾಗದ ಲೆಕ್ಕ. ತಯಾರಕರು 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ; ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹಾಗಾಗಿ 256 ಜಿಬಿ ಎಂದು ಬರೆದ ಡ್ರೈವ್ ನಿಮ್ಮ ಪರದೆಯ ಮೇಲೆ 238 ಜಿಬಿ ಎಂದು ಕಾಣುತ್ತದೆ. ಯಾರೂ ಮೋಸ ಮಾಡಿದ್ದಲ್ಲ, ಎಣಿಕೆಯ ವ್ಯತ್ಯಾಸ ಅಷ್ಟೇ. ವಿಂಡೋಸ್ 11 ಕನಿಷ್ಠ 64 ಜಿಬಿ ಇರುವ ಡ್ರೈವ್ ಕೇಳುತ್ತದೆ. ಅದು ತನ್ನ ಪಾಲು ತೆಗೆದುಕೊಂಡ ಮೇಲೆ, ಬ್ರೌಸರ್, ಗ್ರಾಫಿಕ್ಸ್ ಡ್ರೈವರ್, ಅಪ್‌ಡೇಟ್‌ಗಳು ತಮ್ಮ ಪಾಲು ಕೇಳುತ್ತವೆ. ಉಳಿದದ್ದರಲ್ಲಿ ‘ಬಾಲ್ಡರ್ಸ್ ಗೇಟ್ 3’ ಒಂದನ್ನೇ ಇಳಿಸಿಕೊಂಡರೆ 150 ಜಿಬಿ ಹೋಯಿತು. ‘ರೆಡ್ ಡೆಡ್ ರಿಡೆಂಪ್ಶನ್ 2’ ಕೂಡ ಅಷ್ಟೇ ಕೇಳುತ್ತದೆ. ಎರಡನೆಯ ಆಟ ಬಂದ ದಿನ ನೀವು ಅದನ್ನು ಹಾರ್ಡ್ ಡಿಸ್ಕ್‌ಗೆ ತಳ್ಳುತ್ತೀರಿ. ಅಂದರೆ ಎಸ್‌ಎಸ್‌ಡಿ ಕೊಂಡ ಲಾಭ ವಿಂಡೋಸ್ ಬೇಗ ತೆರೆಯುವುದಕ್ಕಷ್ಟೇ ದಕ್ಕಿತು. ಯಾವುದಕ್ಕಾಗಿ ಕಂಪ್ಯೂಟರ್ ಕಟ್ಟಿದಿರೋ ಆ ಆಟ ಮಾತ್ರ ಹಳೆಯ ತಟ್ಟೆಯ ಮೇಲೇ ತಿರುಗುತ್ತಿರುತ್ತದೆ.

ಆ ತಟ್ಟೆಯಲ್ಲಿ ತೊಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಎಲ್ಲ ಮಾತು ಇದರ ಮೇಲೆ ನಿಂತಿದೆ. ಸಾಮಾನ್ಯ ಹಾರ್ಡ್ ಡಿಸ್ಕಿನೊಳಗೆ ಮಾಹಿತಿ ಇರುವ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಸರಿಯಾದ ಜಾಡಿಗೆ ಸರಿಯಬೇಕು. ಎರಡೂ ಸೇರಿದರೆ ಪ್ರತಿ ಹುಡುಕಾಟಕ್ಕೆ ಹತ್ತು ಹನ್ನೆರಡು ಮಿಲಿಸೆಕೆಂಡ್ ಆಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 80ರಿಂದ 100 ಹುಡುಕಾಟಗಳಷ್ಟೇ. ಒಂದೇ ದೊಡ್ಡ ಸಿನಿಮಾ ಕಡತವನ್ನು ಓದುವಾಗ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅದು ತಡೆರಹಿತ ಬಸ್ಸಿನ ಪ್ರಯಾಣ. ಆಟ ಹಾಗಲ್ಲ. ನೀವು ಕುದುರೆ ಓಡಿಸುತ್ತ ಊರೊಳಗೆ ನುಗ್ಗಿದಾಗ ಗೋಡೆ, ಗಿಡ, ಮುಖ, ಸದ್ದು ಎಲ್ಲವೂ ಬೇರೆ ಬೇರೆ ಮೂಲೆಗಳಿಂದ ಒಮ್ಮೆಗೇ ಬರಬೇಕು. ಅದು ಹೆಜ್ಜೆಗೊಂದು ನಿಲ್ದಾಣವಿರುವ ನಗರ ಸಾರಿಗೆ. ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಆಟ ಆಡುವಾಗ ಮನೆಗಳು ಮೊದಲು ಮಣ್ಣಿನ ಮುದ್ದೆಯಂತೆ ಕಂಡು, ನಾಲ್ಕು ಸೆಕೆಂಡ್ ಬಿಟ್ಟು ಕಿಟಕಿ ಬಾಗಿಲು ಮೂಡುತ್ತಿದ್ದವು. ಗ್ರಾಫಿಕ್ಸ್ ಕಾರ್ಡ್ ಸಾಲದು ಎಂದು ತಿಂಗಳುಗಟ್ಟಲೆ ನಂಬಿದ್ದೆ. ತಪ್ಪು ಕಾರ್ಡಿನದ್ದಾಗಿರಲಿಲ್ಲ.

2020ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5 ಬಂದ ಮೇಲೆ ಆಟ ಬರೆಯುವವರು ಎಸ್‌ಎಸ್‌ಡಿ ಇದ್ದೇ ಇರುತ್ತದೆ ಎಂದುಕೊಂಡು ಬರೆಯತೊಡಗಿದರು. 2023ರಲ್ಲಿ ಬಂದ ‘ಸ್ಟಾರ್‌ಫೀಲ್ಡ್’ ತನ್ನ ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಎಂದು ಬರೆದುಕೊಂಡಿದೆ. ‘ಸೈಬರ್‌ಪಂಕ್ 2077’ ಅದೇ ವರ್ಷ ತನ್ನ ಅಗತ್ಯಗಳ ಪಟ್ಟಿಯಿಂದ ಹಾರ್ಡ್ ಡಿಸ್ಕನ್ನು ಕೈಬಿಟ್ಟಿತು. ಇನ್ನೂ ಸ್ವಾರಸ್ಯದ ಸಂಗತಿ ‘ಹೆಲ್‌ಡೈವರ್ಸ್ 2’ ಆಟದ್ದು. ಹಾರ್ಡ್ ಡಿಸ್ಕ್ ಇರುವವರಿಗೆ ಹುಡುಕಾಟ ಕಡಿಮೆಯಾಗಲಿ ಎಂದು ಅದರಲ್ಲಿ ಒಂದೇ ಮಾಹಿತಿಯನ್ನು ಹಲವು ಕಡೆ ನಕಲು ಮಾಡಿ ಇಟ್ಟಿದ್ದರು. 2025ರ ಕೊನೆಯಲ್ಲಿ ಆ ನಕಲುಗಳನ್ನು ತೆಗೆದಾಗ ಸುಮಾರು 150 ಜಿಬಿ ಇದ್ದ ಆಟ 23 ಜಿಬಿಗೆ ಇಳಿಯಿತು. ಹಾರ್ಡ್ ಡಿಸ್ಕಿನ ನಿಧಾನಗತಿಗೆ ಎಸ್‌ಎಸ್‌ಡಿ ಇರುವವರೂ ತಮ್ಮ ಜಾಗದ ರೂಪದಲ್ಲಿ ತೆರಿಗೆ ಕಟ್ಟುತ್ತಿದ್ದರು ಎಂದಾಯಿತು.

ಈಗ ನಿಮ್ಮ ಗೆಳೆಯರ ಮಾತು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಜೆನ್ 3 ಎನ್‌ವಿಎಂಇ 3500, ಜೆನ್ 4 ಸುಮಾರು 7000, ಜೆನ್ 5 ಹತ್ತು ಸಾವಿರಕ್ಕೂ ಮೇಲೆ. ಅಂಕಿ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಇವೆಲ್ಲ ತಡೆರಹಿತ ಬಸ್ಸಿನ ವೇಗ. ಚೂರು ಚೂರಾಗಿ, ಒಂದಾದ ಮೇಲೊಂದು ಓದುವ ಕೆಲಸದಲ್ಲಿ ಜೆನ್ 4ಕ್ಕೂ ಜೆನ್ 5ಕ್ಕೂ ಅಂತರ ಬಹಳ ಕಡಿಮೆ. ಹಾರ್ಡ್ ಡಿಸ್ಕಿನಿಂದ ಯಾವ ಎಸ್‌ಎಸ್‌ಡಿಗೆ ಬಂದರೂ ಆಟ ತೆರೆಯುವ ಸಮಯ ಎದ್ದು ಕಾಣುವಂತೆ ಇಳಿಯುತ್ತದೆ. ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಹೋದರೆ ಹೆಚ್ಚಿನ ಆಟಗಳಲ್ಲಿ ಉಳಿಯುವುದು ಒಂದೆರಡು ಸೆಕೆಂಡ್ ಮಾತ್ರ. ಆಟದ ಮಾಹಿತಿಯನ್ನು ಎನ್‌ವಿಎಂಇಯಿಂದ ಬೇಗ ತರಿಸುವ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಸ್ಟೋರೇಜ್ ತಂತ್ರಜ್ಞಾನ 2022ರಲ್ಲಿ ಕಂಪ್ಯೂಟರ್‌ಗಳಿಗೆ ಬಂದಿದ್ದರೂ ಅದನ್ನು ಬಳಸುವ ಆಟಗಳು ಇನ್ನೂ ಕಡಿಮೆ. ಇದೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಬಿ550 ಬೋರ್ಡಿನಲ್ಲಿ ಜೆನ್ 5 ಸ್ಲಾಟೇ ಇಲ್ಲ. ಆ ಡ್ರೈವ್ ಹಾಕಿದರೆ ಕೆಲಸವೇನೋ ಮಾಡುತ್ತದೆ, ಆದರೆ ಜೆನ್ 4ರ ವೇಗದಲ್ಲಿ. ಹೆಚ್ಚುವರಿ ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಅದನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿ.

ಒಂದು ಎಚ್ಚರಿಕೆ. ಅಂಗಡಿಯವರು 5600 ಬದಲು 5600ಜಿ ಅಥವಾ 5500 ಕೊಡುತ್ತೇವೆ ಎಂದರೆ ಒಪ್ಪುವ ಮೊದಲು ಯೋಚಿಸಿ. ಆ ಎರಡೂ ಪ್ರೊಸೆಸರ್‌ಗಳು ಜೆನ್ 3ಕ್ಕೇ ನಿಲ್ಲುತ್ತವೆ. ಬೋರ್ಡು ಬಿ550 ಆಗಿದ್ದರೂ ಜೆನ್ 4 ಡ್ರೈವ್ ಅರ್ಧ ವೇಗದಲ್ಲಿ ಓಡುತ್ತದೆ. ಆಟಕ್ಕೆ ಅದೇನೂ ದೊಡ್ಡ ನಷ್ಟವಲ್ಲ, ಆದರೆ ತಿಳಿದು ಕೊಳ್ಳುವುದು ಬೇರೆ, ತಿಳಿಯದೆ ಕೊಳ್ಳುವುದು ಬೇರೆ.

ಹಾಗಾದರೆ ವೇಗ ನೋಡದೆ ಏನು ನೋಡಬೇಕು? ಟಿಎಲ್‌ಸಿ, ಕ್ಯೂಎಲ್‌ಸಿ ಎಂಬ ಹೆಸರುಗಳನ್ನು ನೋಡಬೇಕು. ಟಿಎಲ್‌ಸಿಯ ಪ್ರತಿ ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು. ಒಂದು ಬಿಟ್ ಹೆಚ್ಚಾಗಿದ್ದಕ್ಕೆ ಏನಂತೆ ಎನಿಸಬಹುದು. ಆದರೆ ಮೂರು ಬಿಟ್ ಗುರುತಿಸಲು ವಿದ್ಯುತ್ತಿನ 8 ಮಟ್ಟ ಸಾಕು, ನಾಲ್ಕಕ್ಕೆ 16 ಬೇಕು. ಅಷ್ಟು ಸೂಕ್ಷ್ಮವಾಗಿ ಅಳೆದು ಬರೆಯುವುದು ನಿಧಾನ, ಕೋಶದ ಆಯುಸ್ಸೂ ಕಡಿಮೆ. ಈ ನಿಧಾನವನ್ನು ಮರೆಮಾಡಲು ಡ್ರೈವ್ ಒಂದು ಉಪಾಯ ಮಾಡುತ್ತದೆ: ತನ್ನ ಖಾಲಿ ಜಾಗದ ಒಂದು ಭಾಗವನ್ನು ಕಣದಂತೆ ಬಳಸಿ, ಬಂದ ರಾಶಿಯನ್ನು ಮೊದಲು ಅಲ್ಲಿ ಬೇಗ ಬೇಗ ಸುರಿದುಕೊಂಡು, ಆಮೇಲೆ ಬಿಡುವಾದಾಗ ಕಣಜಕ್ಕೆ ತುಂಬುತ್ತದೆ. ಡ್ರೈವ್ ತುಂಬುತ್ತ ಹೋದಂತೆ ಕಣ ಚಿಕ್ಕದಾಗುತ್ತದೆ. ಮುಕ್ಕಾಲು ತುಂಬಿದ ಕ್ಯೂಎಲ್‌ಸಿ ಡ್ರೈವಿಗೆ 100 ಜಿಬಿಯ ಆಟವನ್ನು ನಕಲು ಮಾಡಿ ನೋಡಿ: ಆರಂಭದಲ್ಲಿ ಹಾರುವ ವೇಗ, ನಡುವೆ ದಿಢೀರನೆ ಹಾರ್ಡ್ ಡಿಸ್ಕಿನ ವೇಗಕ್ಕೆ ಕುಸಿತ. ಟಿಎಲ್‌ಸಿಯಲ್ಲೂ ಕುಸಿತ ಇದೆ, ಆದರೆ ಅಷ್ಟು ಆಳಕ್ಕಲ್ಲ. ಡ್ರೈವ್ ಯಾವುದೇ ಆಗಲಿ, ಹತ್ತರಲ್ಲಿ ಒಂದೆರಡು ಭಾಗ ಖಾಲಿ ಬಿಡುವುದು ಒಳ್ಳೆಯದು.

ಪೆಟ್ಟಿಗೆಯ ಮೇಲೆ ಈ ಹೆಸರು ಅಚ್ಚಾಗದೆ ಇರಬಹುದು. ಆಗ ಟಿಬಿಡಬ್ಲ್ಯೂ ಎಂಬ ಅಂಕಿ ಹುಡುಕಿ. ವಾರಂಟಿ ಅವಧಿಯೊಳಗೆ ಎಷ್ಟು ಟಿಬಿ ಬರೆಯಬಹುದು ಎಂಬ ಲೆಕ್ಕ ಅದು. 1 ಟಿಬಿಯ ಟಿಎಲ್‌ಸಿ ಡ್ರೈವಿಗೆ ಸಾಮಾನ್ಯವಾಗಿ 600 ಇರುತ್ತದೆ, ಐದು ವರ್ಷ ವಾರಂಟಿ. ಕ್ಯೂಎಲ್‌ಸಿಯಾದರೆ ಅನೇಕ ಮಾದರಿಗಳಲ್ಲಿ 200ರ ಆಸುಪಾಸು. ದಿನಕ್ಕೆ 50 ಜಿಬಿ ಬರೆದರೂ 600 ಟಿಬಿ ಮುಗಿಯಲು ಸುಮಾರು 33 ವರ್ಷ ಬೇಕು, ಆದ್ದರಿಂದ ಡ್ರೈವ್ ಸವೆಯುತ್ತದೆಂದು ಹೆದರಬೇಡಿ. ಆ ಅಂಕಿ ಒಳಗಿನ ಮಾಲು ಎಂಥದ್ದು ಎಂಬ ಸುಳಿವು ಕೊಡುತ್ತದೆ, ಅದಕ್ಕಾಗಿ ನೋಡಿ. ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್‌770, ಸ್ಯಾಮ್‌ಸಂಗ್ 990 ಇವೊ ಪ್ಲಸ್ ಈ ವರ್ಗಕ್ಕೆ ಸೇರಿದವು. ಎರಡರಲ್ಲೂ ಡ್ರೈವಿನದೇ ಆದ ಪುಟ್ಟ ವೇಗದ ಮೆಮೊರಿಯಾದ ಡಿರ್‍ಯಾಮ್ ಇಲ್ಲ ಎಂದು ಯಾರಾದರೂ ಹೆದರಿಸಬಹುದು. ಇಂಥ ಡ್ರೈವ್‌ಗಳು ಕಂಪ್ಯೂಟರಿನ ರ್‍ಯಾಮ್‌ನಿಂದಲೇ ಸ್ವಲ್ಪ ಸಾಲ ಪಡೆದು ಕೆಲಸ ನಡೆಸುತ್ತವೆ, ಆಟಕ್ಕೆ ಅದು ಧಾರಾಳ ಸಾಕು. ಮೆಮೊರಿಯ ಬೆಲೆ ತಿಂಗಳಿಗೊಂದು ಬಗೆ ಇರುವುದರಿಂದ ಬೆಲೆ ಬರೆಯುವುದಿಲ್ಲ. ಕೊಟೇಷನ್‌ನಲ್ಲಿರುವ ಎರಡು ಡ್ರೈವ್‌ಗಳ ಮೊತ್ತವನ್ನು ಕೂಡಿಸಿ, 1 ಟಿಬಿ ಎನ್‌ವಿಎಂಇ ಬೆಲೆಯ ಪಕ್ಕ ಇಟ್ಟು ನೋಡಿ.

ಹಾರ್ಡ್ ಡಿಸ್ಕ್ ಪೂರ್ತಿ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಉಗ್ರಾಣವಾಗಿ ಅದಕ್ಕೆ ಸಾಟಿಯಿಲ್ಲ. ನಿಮ್ಮ ಮನೆಯ ಇಂಟರ್ನೆಟ್ 40 ಎಂಬಿಪಿಎಸ್ ಇದ್ದರೆ 100 ಜಿಬಿಯ ಆಟ ಇಳಿಯಲು ಐದೂವರೆ ಗಂಟೆ ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ. ಅದೇ ಆಟ ಹಾರ್ಡ್ ಡಿಸ್ಕಿನಲ್ಲಿ ಕೂತಿದ್ದರೆ ಎಸ್‌ಎಸ್‌ಡಿಗೆ ತರಲು ಹತ್ತು ಹದಿನೈದು ನಿಮಿಷ ಸಾಕು. ಸ್ಟೀಮ್‌ನಲ್ಲಿ ಆಟವನ್ನು ಒಂದು ಡ್ರೈವಿನಿಂದ ಇನ್ನೊಂದಕ್ಕೆ ಸರಿಸುವ ಸೌಲಭ್ಯ ಇದೆ. ನಿಮ್ಮ ಆಟಗಳ ಸಂಗ್ರಹ ಬೆಳೆದು, ಇಂಟರ್ನೆಟ್ ನಿಧಾನ ಎನಿಸಿದ ದಿನ 2 ಟಿಬಿಯ ಹಾರ್ಡ್ ಡಿಸ್ಕ್ ತನ್ನಿ. ಮನೆಯವರ ಫೋಟೊಗಳ ಒಂದು ಪ್ರತಿಯನ್ನೂ ಅದರಲ್ಲಿಡಿ. ಹಾರ್ಡ್ ಡಿಸ್ಕ್ ಕೆಡುವ ಮೊದಲು ಹಲವು ಸಲ ಟಕ್ ಟಕ್ ಎಂದು ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ನಿನ್ನೆ ಚೆನ್ನಾಗಿದ್ದು ಇಂದು ಕಾಣದೆ ಹೋಗಬಹುದು. ಆಟ ಮತ್ತೆ ಇಳಿಸಿಕೊಳ್ಳಬಹುದು, ಅಜ್ಜಿಯ ಫೋಟೊ ಇಳಿಸಿಕೊಳ್ಳಲಾಗದು.

ಇನ್ನು ಜೋಡಿಸುವ ಹೊತ್ತಿನ ವಿಷಯ. ನಾನು ಎರಡು ಸಲ ದಾರಿ ತಪ್ಪಿದ್ದೇನೆ, ನೀವು ತಪ್ಪಬಾರದು.

ಮೊದಲನೆಯದು ಹೀಗಾಯಿತು. ವಿಂಡೋಸ್ ಹಾಕುವಾಗ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡನ್ನೂ ಜೋಡಿಸಿಟ್ಟಿದ್ದೆ. ಎಸ್‌ಎಸ್‌ಡಿಯನ್ನೇ ಆರಿಸಿದ್ದೆ, ಎಲ್ಲ ಸರಿಯಾಗಿಯೇ ನಡೆಯಿತು. ಎರಡು ವರ್ಷದ ಮೇಲೆ ಹಾರ್ಡ್ ಡಿಸ್ಕ್ ಸದ್ದು ಮಾಡತೊಡಗಿದಾಗ ಅದನ್ನು ಕಳಚಿದೆ. ಕಂಪ್ಯೂಟರ್ ತೆರೆಯಲೇ ಇಲ್ಲ. ವಿಂಡೋಸ್ ತನ್ನ ಕಡತಗಳನ್ನು ಎಸ್‌ಎಸ್‌ಡಿಯಲ್ಲಿ ಇಟ್ಟು, ಬೂಟ್ ಆಗಲು ಬೇಕಾದ ಸಣ್ಣ ಭಾಗವನ್ನು ಮಾತ್ರ ಹಾರ್ಡ್ ಡಿಸ್ಕಿನಲ್ಲಿ ಬರೆದಿತ್ತು. ಸರಿಪಡಿಸಲು ಒಂದು ರಾತ್ರಿ ಹಿಡಿಯಿತು. ವಿಂಡೋಸ್ ಹಾಕುವಾಗ ಅದು ಹೋಗಬೇಕಾದ ಡ್ರೈವ್ ಒಂದನ್ನು ಬಿಟ್ಟು ಉಳಿದೆಲ್ಲದರ ಕೇಬಲ್ ಬಿಚ್ಚಿಡಿ.

ಎರಡನೆಯದು, ಮುಂದೆ ಒಂದು ಎನ್‌ವಿಎಂಇ ತಂದು ಮದರ್‌ಬೋರ್ಡಿನ ಎರಡನೆಯ ಎಂ.2 ಸ್ಲಾಟಿಗೆ (ಎನ್‌ವಿಎಂಇ ಕೂರುವ ಜಾಗಕ್ಕೆ) ಹಾಕಿದಾಗ. ಮರುಗಳಿಗೆಯೇ ಹಾರ್ಡ್ ಡಿಸ್ಕ್ ಮಾಯ. ಸತ್ತೇಹೋಯಿತು ಎಂದುಕೊಂಡೆ. ಮದರ್‌ಬೋರ್ಡಿನ ಕೈಪಿಡಿ ತೆರೆದರೆ ಒಂದು ಸಾಲಿನಲ್ಲಿ ಬರೆದಿತ್ತು: ಆ ಸ್ಲಾಟ್ ಬಳಸಿದರೆ ಎರಡು ಸಾಟಾ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ. ಅನೇಕ ಬಿ550 ಬೋರ್ಡ್‌ಗಳಲ್ಲೂ ಈ ಹಂಚಿಕೆ ಇದೆ. ಕೇಬಲ್ ಬೇರೆ ಪೋರ್ಟಿಗೆ ಬದಲಿಸಿದ ಕೂಡಲೇ ಹಾರ್ಡ್ ಡಿಸ್ಕ್ ಮರಳಿ ಬಂತು. ನೀವು ಈಗ ಕೊಳ್ಳುವ ಡ್ರೈವನ್ನು ಪ್ರೊಸೆಸರಿಗೆ ಹತ್ತಿರವಿರುವ, ಮೇಲಿನ ಸ್ಲಾಟಿಗೇ ಹಾಕಿ. ಹೆಚ್ಚಿನ ಬಿ550 ಬೋರ್ಡ್‌ಗಳಲ್ಲಿ ಜೆನ್ 4 ವೇಗ ಸಿಗುವುದು ಅದರಲ್ಲೇ. ಮೂವತ್ತು ಡಿಗ್ರಿಯಷ್ಟು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ ಮಲಗಿಸಿ, ತುದಿಗೆ ಪುಟ್ಟ ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಸಾಮಾನ್ಯವಾಗಿ ಡ್ರೈವಿನ ಜೊತೆ ಬರುವುದಿಲ್ಲ, ಹೆಚ್ಚಾಗಿ ಮದರ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸಣ್ಣ ಪೊಟ್ಟಣದಲ್ಲಿರುತ್ತದೆ. ಬೋರ್ಡಿನ ಜೊತೆ ಹೀಟ್‌ಸಿಂಕ್ ಇದ್ದರೆ ಅದರ ಕೆಳಗಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ. ಡ್ರೈವಿನ ಮೇಲಿನ ಚೀಟಿಯನ್ನು ಮಾತ್ರ ಕೀಳಬೇಡಿ, ವಾರಂಟಿ ಅದರ ಮೇಲೇ ನಿಂತಿರುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಜಿಎಸ್‌ಟಿ ಬಿಲ್‌ನಲ್ಲಿ ಡ್ರೈವಿನ ಕ್ರಮಸಂಖ್ಯೆ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಎಷ್ಟು ಗಂಟೆ ಓಡಿದೆ, ಎಷ್ಟು ಬರೆಯಲಾಗಿದೆ ಎಂದು ನೋಡಿ. ಹೊಸ ಡ್ರೈವ್ ನೂರಾರು ಗಂಟೆ ಓಡಿದೆ ಎಂದು ತೋರಿಸಿದರೆ ಅದು ಹೊಸದಲ್ಲ. ಆ ದಿನವೇ ಹಿಂದಿರುಗಿಸಿ.

ನಿಮ್ಮ ಮದರ್‌ಬೋರ್ಡಿನ ಪೂರ್ತಿ ಮಾದರಿ ಹೆಸರನ್ನು ಕೆಳಗೆ ಬರೆಯಿರಿ. ಯಾವ ಸ್ಲಾಟ್ ಯಾವ ಪೋರ್ಟನ್ನು ಮುಚ್ಚುತ್ತದೆ ಎಂದು ಅದರ ಕೈಪಿಡಿ ತೆರೆದು ನೋಡಿ ಹೇಳುತ್ತೇನೆ.