ಬೆಟ್ಟದ ವೈನಿಗೆ ಅಷ್ಟು ಕಾಯಬೇಕೇ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೋ ನಿವಾಸಿ. ನಮ್ಮ ಊರಿನ ಮೇಲಿರುವ ಮಾಂಟೆ ಬೆಲ್ಲೋ ಬೆಟ್ಟದ ಕ್ಯಾಬರ್ನೆ (ಕೆಂಪು ವೈನಿಗೆ ಬಳಸುವ ಒಂದು ದ್ರಾಕ್ಷಿ ತಳಿ) ವೈನ್ ವರ್ಷದಿಂದ ವರ್ಷಕ್ಕೆ ಬೇರೆಯಾಗಿರುತ್ತದೆ, ಅದನ್ನು ದಶಕಗಳವರೆಗೆ ಇಡಬಹುದು ಎನ್ನುತ್ತಾರೆ. ಇದರಲ್ಲಿ ಹವೆಯ ಪಾಲೆಷ್ಟು, ಪ್ರಚಾರದ ಪಾಲೆಷ್ಟು?

ಉತ್ತರ: ಈ ತೋಟದ ಮಟ್ಟಿಗೆ ಹವೆಯ ಪಾಲೇ ದೊಡ್ಡದು. ಸುಮಾರು 1,300 ಅಡಿಯಿಂದ 2,600 ಅಡಿಗೂ ಮೇಲಕ್ಕೆ ಹಬ್ಬಿರುವ ಈ ಇಳಿಜಾರಿಗೆ ಪೆಸಿಫಿಕ್ ಸಾಗರದ ತಂಪು ತಲುಪುವುದರಿಂದ, ಬೇಸಿಗೆಯ ಹಗಲು ಒಳನಾಡಿನ ಕಣಿವೆಗಳಷ್ಟು ಕಾಯುವುದಿಲ್ಲ. ಬಿಸಿಲು ಹೆಚ್ಚಿದಲ್ಲಿ ಹಣ್ಣಿನ ಸಕ್ಕರೆ ಬೇಗ ಏರಿ ಹುಳಿ ಕರಗಿಹೋಗುತ್ತದೆ, ಆದರೆ ಸಿಪ್ಪೆ ಮತ್ತು ಬೀಜದ ಒಗರು ಮಾಗುವುದು ನಿಧಾನ. ತಂಪಿನ ಬೆಟ್ಟದಲ್ಲಿ ಸಕ್ಕರೆಯೂ ನಿಧಾನವಾಗಿ ಏರುವುದರಿಂದ, ಹುಳಿ ಉಳಿದಿರುವಾಗಲೇ ಒಗರು ಹದಕ್ಕೆ ಬರುತ್ತದೆ. ದೀರ್ಘಕಾಲ ಬಾಳುವ ಗುಣ ವೈನಿಗೆ ಮುಖ್ಯವಾಗಿ ಬರುವುದು ಇಲ್ಲಿಂದ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೂ ಕಚ್ಚುವ ಸಮಯದಲ್ಲಿ ಮಳೆ ಬಿದ್ದರೆ ಕಾಯಿ ನಿಲ್ಲದೆ ಗೊಂಚಲು ಬಡವಾಗುತ್ತದೆ. ಅಕ್ಟೋಬರಿನಲ್ಲಿ, ಹಣ್ಣು ಇನ್ನೊಂದು ವಾರ ಬಳ್ಳಿಯಲ್ಲಿರಲಿ ಎಂದುಕೊಳ್ಳುವಷ್ಟರಲ್ಲಿ ಚಳಿಗಾಲದ ಮೊದಲ ಮಳೆ ಬಂದು ಕೊಳೆರೋಗ ತರಬಹುದು. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ; ಎತ್ತರ ಮತ್ತು ಬಿಸಿಲಿಗೆ ತಕ್ಕಂತೆ ಬೇರೆ ಬೇರೆ ದಿನ ಮಾಗುವ ತುಂಡುತುಂಡು ಜಮೀನನ್ನು ದಿನವೂ ರುಚಿ ನೋಡಿ ಪ್ರತ್ಯೇಕವಾಗಿ ಕೊಯ್ಯಬೇಕು, ಪ್ರತ್ಯೇಕವಾಗಿಯೇ ಹುದುಗಿಸಬೇಕು. ಆಮೇಲೆ ಯಾವ ತುಂಡಿನ ವೈನ್ ಬೆರಕೆಗೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ನಿರ್ಧಾರವನ್ನು ತಿಂಗಳುಗಳ ನಂತರವೇ ಕೈಗೊಳ್ಳುತ್ತಾರೆ.

1976ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾಗಳ ಹತ್ತು ಕೆಂಪು ವೈನ್‌ಗಳನ್ನು ಹೆಸರು ಮರೆಮಾಡಿ ಸವಿದಾಗ, 1971ರ ಮಾಂಟೆ ಬೆಲ್ಲೋ ಐದನೆಯ ಸ್ಥಾನ ಪಡೆಯಿತು. ಫ್ರಾನ್ಸಿನ ವೈನ್‌ಗಳು ವಯಸ್ಸಾದಂತೆ ಮುಂದೆ ಬರುತ್ತವೆ, ಕ್ಯಾಲಿಫೋರ್ನಿಯಾದವು ಸೊರಗುತ್ತವೆ ಎಂಬ ಆಕ್ಷೇಪ ಆಗ ಕೇಳಿಬಂತು. 2006ರಲ್ಲಿ ಅವೇ ವರ್ಷಗಳ ಅವೇ ವೈನ್‌ಗಳನ್ನು ಮತ್ತೆ ಸವಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಇದೇ 1971ರ ಮಾಂಟೆ ಬೆಲ್ಲೋ. ಹಾಗೆಂದು ಕಪಾಟಿನಲ್ಲಿರುವ ಎಲ್ಲ ಸೀಸೆಗಳನ್ನೂ ಮುಚ್ಚಿಡಬೇಡಿ. ಮಾರುಕಟ್ಟೆಯ ಬಹುಪಾಲು ವೈನ್‌ಗಳು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ತಯಾರಾದವು. ಅಂಥವನ್ನು ದಶಕಗಳವರೆಗೆ ಕೂಡಿಡುವುದು ಬರಿಯ ಜಿಪುಣತನ.

ಪ್ರಶ್ನೆ: ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಗೂ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಉತ್ತರ: ಪೂರ್ತಿಯಾಗಿ ಇಲ್ಲ. ಸುಮಾರು 3,000 ಅಡಿ ಎತ್ತರದ ಆ ತಪ್ಪಲು ಮಾಂಟೆ ಬೆಲ್ಲೋಗಿಂತ ಮೇಲಿದ್ದರೂ, ಉಷ್ಣವಲಯದಲ್ಲಿರುವುದರಿಂದ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಆದ್ದರಿಂದ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಚಾಟ್ನಿ ಮಾಡಿ, ಅಂದರೆ ಕೊಂಬೆಗಳನ್ನು ಕತ್ತರಿಸಿ, ಬಳ್ಳಿಯ ಕಾಲಚಕ್ರವನ್ನು ಬೆಳೆಗಾರನೇ ತಿರುಗಿಸುತ್ತಾನೆ. ಹಣ್ಣು ಮಾಗುವುದು ಒಣ ಹವೆಯ ತಿಂಗಳುಗಳಲ್ಲಿ. ಅಲ್ಲಿ ಅಕಾಲಿಕ ಮಳೆಯಷ್ಟೇ ಭಯ ಹುಟ್ಟಿಸುವುದು ಫೆಬ್ರುವರಿ ಕಳೆದಂತೆ ಏರುವ ಬಿಸಿಲು, ಏಕೆಂದರೆ ಕೊಯ್ಲು ತಡವಾದರೆ ಹುಳಿ ಉಳಿಯುವುದಿಲ್ಲ.