ಲೈಟ್ ಹತ್ತುತ್ತೆ, ಆದ್ರೆ ಕೀಬೋರ್ಡೇ ಕಾಣಲ್ಲ!

ಪ್ರಶ್ನೆ: ನನ್ನ ಹತ್ರ 25 ಕೀ ಇರೋ ಒಂದು ಮಿಡಿ ಕೀಬೋರ್ಡ್ (ಕಂಪ್ಯೂಟರ್‌ಗೆ ಹಾಕಿ ಸಂಗೀತ ನುಡಿಸೋ ಕೀಬೋರ್ಡ್) ಇದೆ, ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಚೆನ್ನಾಗೇ ಕೆಲ್ಸ ಮಾಡುತ್ತೆ. ಅದನ್ನೇ ಲಿನಕ್ಸ್ ಹಾಕಿರೋ ಒಂದು ಅಗ್ಗದ ಸಿಂಗಲ್ ಬೋರ್ಡ್ ಕಂಪ್ಯೂಟರ್‌ಗೆ ಹಾಕ್ದೆ, ಲ್ಯಾಪ್‌ಟಾಪ್‌ಗೆ ಹಾಕ್ತಿದ್ದ ಕೇಬಲ್ ತುಂಬಾ ಉದ್ದ ಅಂತ ಡ್ರಾಯರ್‌ನಲ್ಲಿದ್ದ ಒಂದು ಗಿಡ್ಡ ಕೇಬಲ್ ಬಳಸಿದೀನಿ. ಪ್ಯಾಡ್ ಲೈಟೆಲ್ಲಾ ಹತ್ತುತ್ತೆ, ಆದ್ರೆ ಸಿಂತ್ (ಸ್ವರ ಹುಟ್ಟಿಸೋ) ಸಾಫ್ಟ್‌ವೇರ್‌ನಲ್ಲಿ ಕೀಬೋರ್ಡೇ ಇಲ್ಲ. ಓಎಸ್ ಎರಡು ಸಲ ಹೊಸದಾಗಿ ಹಾಕಿ ನೋಡ್ದೆ. ಬೋರ್ಡೇ ಹೋಗಿದ್ಯಾ?

ಉತ್ತರ: ಓಎಸ್ ಪಾಪ ಏನ್ ಮಾಡಿತ್ತು! ನನ್ನ ಅನುಮಾನ ಎಲ್ಲಾ ಆ ಗಿಡ್ಡ ಕೇಬಲ್ ಮೇಲೆ. ಬರೀ ಚಾರ್ಜಿಂಗ್‌ಗೆ ಅಂತ ಬರೋ ಕೇಬಲ್‌ಗಳಲ್ಲಿ ಡೇಟಾ ತಂತಿನೇ ಇರಲ್ಲ, ಕರೆಂಟ್ ಹೋಗುತ್ತೆ, ಲೈಟ್ ಹತ್ತುತ್ತೆ, ಮಾತುಕತೆ ಮಾತ್ರ ಸೊನ್ನೆ. ಮೊದ್ಲು ಲ್ಯಾಪ್‌ಟಾಪ್‌ನ ಕೇಬಲ್ಲನ್ನೇ ಹಾಕಿ, ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್ ಕೊಡಿ, ಯುಎಸ್‌ಬಿಗೆ ಹಾಕಿರೋ ಡಿವೈಸ್‌ಗಳ ಪಟ್ಟಿಯಲ್ಲಿ ಒಂದು ಸಾಲು ಜಾಸ್ತಿ ಆದ್ರೆ ಕೇಬಲ್ ಕಥೆ ಮುಗೀತು.

ಆಗ್ಲೂ ಬರ್ಲಿಲ್ವಾ? ಯಾವ ಪೋರ್ಟ್‌ಗೆ ಹಾಕಿದೀರಿ ನೋಡಿ. ರಾಸ್ಪ್‌ಬೆರಿ ಪೈ ಝೀರೋ ಥರದ ಬೋರ್ಡ್‌ನಲ್ಲಿ ಒಂದೇ ಥರ ಕಾಣೋ ಎರಡು ಮೈಕ್ರೋ ಯುಎಸ್‌ಬಿ ಇರುತ್ತೆ, ಒಂದು ಬರೀ ಪವರ್‌ಗೆ, ಇನ್ನೊಂದಕ್ಕೆ ಓಟಿಜಿ ಅಡಾಪ್ಟರ್ (ಆ ಸಣ್ಣ ಪೋರ್ಟ್‌ಗೆ ಮಾಮೂಲಿ ಯುಎಸ್‌ಬಿ ಡಿವೈಸ್ ಹಾಕೋಕೆ ಬಳಸೋದು) ಬೇಕು.

ಬಂದು ಬಂದು ಮಾಯ ಆಗ್ತಿದ್ರೆ ‘ಡಿಮೆಸ್ಜ್’ (dmesg) ಕಮಾಂಡ್ ಕೊಟ್ಟು ಲಿನಕ್ಸ್‌ನ ಲಾಗ್ ತೆಗೀರಿ, ಡಿಸ್‌ಕನೆಕ್ಟ್ ಅಂತ ಮೇಲಿಂದ ಮೇಲೆ ಇದ್ರೆ ಸಾಮಾನ್ಯವಾಗಿ ಪವರ್ ಸಾಲ್ತಿಲ್ಲ ಅಂತರ್ಥ. ಯುಎಸ್‌ಬಿ 2 ಲೆಕ್ಕದಲ್ಲಿ ಒಂದು ಡಿವೈಸ್‌ಗೆ ಸಿಗೋದು 500 ಮಿಲಿಆಂಪಿಯರ್, ರಾಸ್ಪ್‌ಬೆರಿ ಪೈ 4ರಲ್ಲಿ ನಾಲ್ಕೂ ಪೋರ್ಟ್ ಸೇರಿ 1.2 ಆಂಪಿಯರ್ ಅಷ್ಟೇ, ಅದೂ ಅಡಾಪ್ಟರ್ ಗಟ್ಟಿ ಇದ್ರೆ. ಹಳೇ ಫೋನ್ ಚಾರ್ಜರ್‌ನಲ್ಲಿ ಬೋರ್ಡ್ ಓಡಿಸ್ತಾ, ಅದರ ಮೇಲೆ ಮಿಣಮಿಣ ಪ್ಯಾಡ್ ಇರೋ ಕೀಬೋರ್ಡ್ ಹಾಕಿದ್ರೆ ಸುಸ್ತಾಗದೆ ಇನ್ನೇನು. ಸ್ವಂತ ಪವರ್ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ಮಧ್ಯೆ ಹಾಕಿ.

ಇನ್ನು ಡ್ರೈವರ್. ಕೀಬೋರ್ಡ್ ಕ್ಲಾಸ್ ಕಂಪ್ಲಯಂಟ್ (ಅಂದ್ರೆ ಯುಎಸ್‌ಬಿಯ ಸಾಮಾನ್ಯ ನಿಯಮದಂತೆ ನಡೆಯೋದು) ಆಗಿದ್ರೆ ಬೇರೆ ಡ್ರೈವರ್ ಬೇಡ, ಲಿನಕ್ಸ್‌ನ ‘ಎಸ್‌ಎನ್‌ಡಿ ಯುಎಸ್‌ಬಿ ಆಡಿಯೋ’ (snd-usb-audio) ಮಾಡ್ಯೂಲೇ ನೋಡ್ಕೊಳ್ಳುತ್ತೆ, ಆದ್ರೆ ಕೆಲವು ಅಗ್ಗದ ಬೋರ್ಡ್‌ಗಳಿಗೆ ಬರೋ ಸಣ್ಣ ಇಮೇಜ್‌ನಲ್ಲಿ (ಕಾರ್ಡ್‌ಗೆ ಹಾಕೋ ರೆಡಿ ಓಎಸ್ ಫೈಲ್‌ನಲ್ಲಿ) ಅದನ್ನೇ ಬಿಟ್ಟಿರ್ತಾರೆ. ‘ಮಾಡ್‌ಪ್ರೋಬ್’ (modprobe) ಕಮಾಂಡ್‌ನಿಂದ ಲೋಡ್ ಮಾಡಿ ನೋಡಿ, ಮಾಡ್ಯೂಲ್ ಸಿಗ್ತಿಲ್ಲ ಅಂದ್ರೆ ಮಾತ್ರ ಇಮೇಜ್ ಬದಲಾಯ್ಸಿ, ಅದೂ ಬೇರೆ ಇಮೇಜು, ಮೂರನೇ ಸಲ ಅದನ್ನೇ ಹಾಕ್ಬೇಡಿ ಮತ್ತೆ!

ಕೊನೆಗೆ ಮಿಡಿ ಜೋಡಿಸೋ ‘ಎಕನೆಕ್ಟ್’ ಕಮಾಂಡ್‌ಗೆ ಮೈನಸ್ ಎಲ್ ಸೇರಿಸಿ (aconnect -l) ಕೊಡಿ. ಅಲ್ಲಿ ಕೀಬೋರ್ಡ್ ಹೆಸರೂ ಸಿಂತ್ ಹೆಸರೂ ಎರಡೂ ಇದ್ರೆ ಬೋರ್ಡ್‌ದು ಏನೂ ತಪ್ಪಿಲ್ಲ, ಎಷ್ಟೋ ಸಿಂತ್‌ಗಳು ತಾವಾಗೇ ಕೀಬೋರ್ಡನ್ನ ಹಿಡ್ಕೊಳ್ಳಲ್ಲ. ಅದೇ ‘ಎಕನೆಕ್ಟ್’ಗೆ ಮೊದ್ಲು ಕೀಬೋರ್ಡ್ ನಂಬರು, ಆಮೇಲೆ ಸಿಂತ್ ನಂಬರು ಕೊಟ್ಟು ಜೋಡ್ಸಿ, ಉದಾಹರಣೆಗೆ 20 ಮತ್ತು 128. ಕಿತ್ತು ಮತ್ತೆ ಹಾಕಿದಾಗ ಈ ನಂಬರ್ ಬದಲಾಗಬಹುದು, ಹಾಗಾಗಿ ಸ್ಕ್ರಿಪ್ಟ್ ಬರೆಯೋದಾದ್ರೆ ನಂಬರ್ ಬದ್ಲು ಹೆಸರು ಹಾಕಿ, ಅದೂ ನಡೆಯುತ್ತೆ.