ಮಂಗಳೂರಿನ ಕದ್ರಿಯಲ್ಲಿ 65 ಲಕ್ಷದ ಫ್ಲಾಟ್. ಅಪ್ಪ 10, ದುಬೈಯ ಅಣ್ಣ 8 ಲಕ್ಷ ಕೊಡುತ್ತಾರೆ. ಈ ಹಣ ಹೇಗೆ ತೆಗೆದುಕೊಳ್ಳಲಿ?

ಲೆಕ್ಕ ಮೊದಲು. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಕೊಡುವುದು ಹೆಚ್ಚೆಂದರೆ ಬೆಲೆಯ ಶೇ 80, ಅಂದರೆ 52 ಲಕ್ಷ. ಉಳಿದ 13 ಲಕ್ಷದ ಜೊತೆಗೆ ಮುದ್ರಾಂಕ, ನೋಂದಣಿಗೆ ಸುಮಾರು 5 ಲಕ್ಷ. ಮನೆಯವರ 18 ಲಕ್ಷ ಅಲ್ಲಿಗೇ ಮುಗಿಯಿತು. ಕಪಾಟು, ಫ್ಯಾನು, ಗೃಹಪ್ರವೇಶದ ಊಟ ನಿಮ್ಮ ಕಿಸೆಯಿಂದಲೇ.

ಅಪ್ಪ, ಅಣ್ಣ ಕೊಟ್ಟ ಉಡುಗೊರೆಗೆ ನಿಮಗೆ ಆದಾಯ ತೆರಿಗೆ ಇಲ್ಲ. ಚಿಕ್ಕಪ್ಪನ ಮಗ ಕೊಟ್ಟರೆ ಹಾಗಲ್ಲ, ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ. ಹಣ ಖಾತೆಯಿಂದ ಖಾತೆಗೇ ಬರಲಿ. ಅಣ್ಣನದು ಎನ್‌ಆರ್‌ಇ ಖಾತೆಯಿಂದ (ಅನಿವಾಸಿಗಳು ವಿದೇಶದ ಸಂಪಾದನೆ ಇಡಲು ಇಲ್ಲಿ ತೆರೆಯುವ ಖಾತೆ). ಇಬ್ಬರಿಂದಲೂ ಒಂದು ಹಾಳೆ ಬರೆಸಿಕೊಳ್ಳಿ: ಮೊತ್ತ, ತಾರೀಕು, ಸಂಬಂಧ, ಪ್ಯಾನ್, 'ವಾಪಸು ಕೊಡಬೇಕಿಲ್ಲ' ಎಂಬ ಒಂದು ಸಾಲು. ಜಗಳ ಹುಟ್ಟುವುದು ಈ ಕೊನೆಯ ಸಾಲು ಇಲ್ಲದಾಗ. ಅಣ್ಣ ಮನಸ್ಸಿನಲ್ಲಿ ಸಾಲ ಅಂದುಕೊಂಡಿರುತ್ತಾನೆ, ನೀವು ಉಡುಗೊರೆ ಅಂದುಕೊಂಡಿರುತ್ತೀರಿ. ಸಾಲವೇ ಆದರೆ ಹಾಗೆಂದೇ ಬರೆಯಿರಿ, ನಗದು ಬೇಡ. 20,000 ಮುಟ್ಟಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕ್ರಯಪತ್ರದಲ್ಲಿ ಅಣ್ಣನ ಹೆಸರು ಸೇರಿದರೆ ಸಾಮಾನ್ಯವಾಗಿ ಬ್ಯಾಂಕ್ ಅವನನ್ನೂ ಸಹಸಾಲಗಾರ ಮಾಡುತ್ತದೆ.

ಅಪ್ಪ ಜಾಗ ಮಾರಿ ಕೊಡುತ್ತಿದ್ದರೆ ಅಕ್ಕತಂಗಿಯರಿಗೂ ಮೊದಲೇ ತಿಳಿದಿರಲಿ.

ಸಹಾಯ ಸಿಕ್ಕಿತೆಂದು ಕದ್ರಿಯೇ ಬೇಕೆಂದಿಲ್ಲ. ಶೇ 8.5 ಬಡ್ಡಿಗೆ, 20 ವರ್ಷಕ್ಕೆ 52 ಲಕ್ಷದ ಕಂತು ತಿಂಗಳಿಗೆ ಸುಮಾರು 45,000. ಸುರತ್ಕಲ್ ಕಡೆ 45 ಲಕ್ಷದ್ದು ಸಿಕ್ಕಿ, ಅದೇ 18 ಲಕ್ಷ ಹಾಕಿದರೆ ಸಾಲ 30-31 ಲಕ್ಷ, ಕಂತು 27,000ದ ಒಳಗೆ.